ಒಡ್ಡು ಕಟ್ಟಿದ ಬದನೆ ಮಡಿ

ಪ್ಲೇಗಿನ ವರ್ಷ ಮಮದಾಪುರದ ನಮ್ಮ ಮನೆಯಲ್ಲಿ ಇಲಿ ಸತ್ತು ಬಿದ್ದವು. ಊರು ಬಿಟ್ಟು ಹೊಲದ ಗುಡಿಸಲು ಸೇರುವಷ್ಟರಲ್ಲಿ ಅತ್ತೆಯ ಹಿರಿಯ ಮಗ, ನನ್ನ ಭಾವ, ತೀರಿಕೊಂಡರು. ಆಮೇಲೆ ನನ್ನ ಗಂಡನಿಗೆ ಊರು ಬೇಡವಾಯಿತು. ಅಂಕೋಲೆ ಕಡೆಯ ಬಂದರಿನಲ್ಲಿ ಕೂಲಿ ಹಿಡಿದರು. ನಾನೂ ಅತ್ತೆಯೂ ಅವರ ಹಿಂದೆಯೇ ಬಂದೆವು. ಅತ್ತೆ ಜೋಪಾನವಾಗಿ ತಂದದ್ದು ಬೂದಿಯಲ್ಲಿ ಕಲಸಿ ಬಟ್ಟೆಯಲ್ಲಿ ಕಟ್ಟಿದ, ತೊಟ್ಟಿನಲ್ಲೂ ಮುಳ್ಳಿರುವ ಮುಳ್ಳುಬದನೆಯ ಬೀಜ. ಭಾವ ಕೊನೆಯ ಸಲ ಬೆಳೆದ ಗಿಡಗಳದ್ದು. ಊರಿನ ತೋಟ ಹಾಳುಬಿದ್ದಿತ್ತು. ಆ ಬೀಜ ಇನ್ನೆಲ್ಲೂ ಇರಲಿಲ್ಲ.

ಮೃಗಶಿರಾ ಮಳೆ ಬಿದ್ದದ್ದೇ ತಡ, ಅತ್ತೆ ಹಿತ್ತಲಲ್ಲಿ ನೆಲ ತಗ್ಗು ಮಾಡಿ, ಸುತ್ತ ಮೊಳದೆತ್ತರ ಒಡ್ಡು ಹಾಕಿ ಮಡಿ ಕಟ್ಟಿದರು. ನಮ್ಮ ಎರೆಭೂಮಿಯವರ ರೂಢಿಯೇ ಅದು: ಬಿದ್ದ ಹನಿ ಹೊರಗೆ ಹೋಗಬಾರದು. ಸ್ವಲ್ಪ ಬೀಜ ಉಳಿಸಿಕೊಳ್ಳಿ ಎಂದೆ.

"ಅರ್ಧಾ ಹಾಕಿದ್ರ ಹೋದ ಮಗಂಗ ಅರ್ಧಾ ಊಟಾ ಬಡಿಸಿದಂಗ ಆಕ್ಕೈತಿ," ಎಂದು ಎಲ್ಲವನ್ನೂ ಚೆಲ್ಲಿಬಿಟ್ಟರು.

ಸಸಿ ಎದ್ದವು. ಅತ್ತೆ ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದರು. ಅಷ್ಟರಲ್ಲಿ ಕರಾವಳಿಯ ಮಳೆ ಹಿಡಿಯಿತು. ಅದನ್ನು ಮಳೆ ಎಂದು ಕರೆಯಲು ನನಗೆ ಇಂದಿಗೂ ಮನಸ್ಸಿಲ್ಲ. ಮಡಿ ತುಂಬಿ ಹೊಂಡವಾಯಿತು.

"ಒಡ್ಡು ಒಡೀರೇ, ನೀರು ಹೋಗ್ಲಿ!" ಬೇಲಿಯಾಚೆಯ ಅಜ್ಜಿ ಕೂಗಿದಳು. "ಇಲ್ಲಿ ಬದನೆ ಹಾಕೂದು ಗದ್ದೆ ಕೊಯ್ಲಾದ ಮೇಲೆ."

ನಾನು ಗುದ್ದಲಿ ತಂದೆ. ಅತ್ತೆ ಹೋಗಿ ಒಡ್ಡಿನ ಮೇಲೆಯೇ ಕುಳಿತರು, ಆ ಮಳೆಯಲ್ಲಿ.

"ಬಂದ ನೀರ ಕಳಸಬ್ಯಾಡವಾ. ಮುಂದ ಮಳಿ ಹೋತಂದ್ರ ಏನ್ ಮಾಡ್ತಿ?"

ಮಳೆ ಹೋಗಲಿಲ್ಲ. ಕಡೆಗೆ ಅವರೇ ಕೈಯಿಂದ ಒಡ್ಡು ಕಿತ್ತರು. ನೀರಿಳಿದ ಮೇಲೆ ನೋಡಿದರೆ ಸಸಿಗಳ ಬುಡ ಕೊಳೆತಿತ್ತು. ಮುಟ್ಟಿದರೆ ಕಳಚಿ ಬರುತ್ತಿದ್ದವು. ಒಂದಾದರೂ ಬದುಕಿರಬಹುದೆಂದು ಕೆಸರಿನಲ್ಲಿ ಹುಡುಕಿದೆವು. ಒಂದೂ ಇರಲಿಲ್ಲ. ಯಾರನ್ನು ಬೈಯಬೇಕೆಂದು ತಿಳಿಯದೆ ನಾನು ಸಮುದ್ರವನ್ನು ಬೈದೆ.

ಗದ್ದೆ ಕೊಯ್ಲಾದ ಮೇಲೆ ಅಜ್ಜಿ ಏರುಮಡಿಯಲ್ಲಿ ತನ್ನ ಬದನೆ ನೆಟ್ಟಳು. ಅದು ಸೊಕ್ಕಿ ಬೆಳೆಯಿತು. ಮೊದಲ ಕಾಯಿಗಳನ್ನು ಮೊರದಲ್ಲಿ ತಂದು ನಮಗೇ ಕೊಟ್ಟಳು, ಪುಣ್ಯಾತ್ಗಿತ್ತಿ. ಹೊಳೆಯುವ, ನುಣ್ಣನೆಯ ಕಾಯಿ. ಅತ್ತೆ ಒಂದನ್ನು ತೆಗೆದುಕೊಂಡು ತೊಟ್ಟಿನ ಮೇಲೆ ಹೆಬ್ಬೆರಳಾಡಿಸಿದರು. ಮತ್ತೆ ಗಟ್ಟಿಯಾಗಿ ಒತ್ತಿದರು.

"ಚುಚ್ಚವಲ್ದಲ್ಲವಾ ಇದು," ಎಂದು ಅಳತೊಡಗಿದರು. ಭಾವ ಹೋದ ದಿನವೂ ಅವರು ಅತ್ತಿರಲಿಲ್ಲ.