ಅವ್ವ ಹಂಚಿದ ಸಕ್ಕರೆ

ಮನೆಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಬೈದು ಹೊರಗೆ ಅಟ್ಟುತ್ತಿದ್ದ ನನ್ನ ಅಕ್ಕನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನ್ಯಾಯ ಅನ್ನುವುದು ಎಲ್ಲಿದೆಯೋ, ಕಂಡವರೇ ಹೇಳಬೇಕು. ರಾಜೇಶ್ವರದ ಗಂಡನ ಮನೆಯಿಂದ ಅವಳನ್ನು ಹುಮನಾಬಾದಿಗೆ, ನಮ್ಮ ಮನೆಗೆ ಕರೆತಂದೆವು. ಹೈದರಾಬಾದಿನ ಬಸ್ಸು ಹಿಡಿಯಲು ಅದೇ ಅನುಕೂಲ.

ಸಲಾಯಿನ್ ಹಚ್ಚಿ ಕೊಟ್ಟ ಔಷಧ ಆಗಲೇ ಸೋತಿತ್ತು. ಹೈದರಾಬಾದಿನ ಡಾಕ್ಟರು ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಹೇಳಿದರು: ಕೆಲವರ ಗೆಡ್ಡೆ ಕೆಟ್ಟುಹೋದ ಒಂದೇ ಒಂದು ಜೀನಿನ ಬಲದ ಮೇಲೆ ಬದುಕಿರುತ್ತದೆ. ಆ ದೋಷ ಇದ್ದರೆ ಅದನ್ನೇ ಹಿಡಿದು ನಿಲ್ಲಿಸುವ ಗುಳಿಗೆ ಇದೆ, ಗೆಡ್ಡೆ ಬಾಡುತ್ತದೆ, ಆಯುಷ್ಯ ಬೆಳೆಯುತ್ತದೆ. ಇಲ್ಲದಿದ್ದರೆ ಆ ಗುಳಿಗೆ ನುಂಗಿ ಉಪಯೋಗವಿಲ್ಲ. ಗೆಡ್ಡೆಯ ಚೂರು ತಪಾಸಣೆಗೆ ಹೋಯಿತು.

"ದೋಷ ಇರ್ಲಿ ಅಂತ ಮೊದಲ ಸಲ ಬೇಡ್ಕೊಳ್ಳಾಕತ್ತೇನಿ ನೋಡು," ಎಂದು ಬಸ್ಸಿನಲ್ಲಿ ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಅವ್ವ ನಮ್ಮ ಜೊತೆ ಬಂದಿರಲಿಲ್ಲ. ಇನ್ನೊಂದು ತಪಾಸಣೆ ಆಗಿದೆ ಎಂಬುದಷ್ಟೇ ಅವಳಿಗೆ ಗೊತ್ತು. ಯಾರನ್ನೂ ಕೇಳದೆ ಮಾಣಿಕನಗರದ ಮಠಕ್ಕೆ ಹೋಗಿ ಹರಕೆ ಹೊತ್ತು ಬಂದಳು: ತಪಾಸಣೆಯಲ್ಲಿ ಏನೂ ಸಿಗಬಾರದು, ಸಿಗದಿದ್ದರೆ ನಮ್ಮ ಓಣಿಗೆಲ್ಲ ಸಕ್ಕರೆ ಹಂಚುತ್ತೇನೆ.

ಡಾಕ್ಟರ ಫೋನು ಬಂದಾಗ ಎತ್ತಿದವನು ನಾನು.

"ಏನೂ ಸಿಗಲಿಲ್ಲೇನ್ರಿ?" ಎಂದು ತಿರುಗಿ ಕೇಳಿದೆ. ಹಿಂದೆ ನಿಂತಿದ್ದ ಅವ್ವನಿಗೆ ಅಷ್ಟೇ ಸಾಕಾಯಿತು. ಫೋನು ಇಡುವಷ್ಟರಲ್ಲಿ, "ನನ್ನ ಹರಕಿ ಮುಟ್ಟಿತು!" ಎನ್ನುತ್ತ ಸಕ್ಕರೆ ಡಬ್ಬಿ ಹಿಡಿದು ಬಂದಳು. ಊರಿನವರ ಮೊರೆಯನ್ನೆಲ್ಲ ಬಿಟ್ಟು ದೇವರು ಇವಳದನ್ನೇ ಕೇಳಬೇಕಿತ್ತೆ! ಸಿಟ್ಟಿನಲ್ಲಿ ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ.

ಹಾಸಿಗೆಯ ಮೇಲಿದ್ದ ಅಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡಿದ್ದಳು. ಬಾಯಿ ಮುಂದೆ ಮಾಡಿ ಅವ್ವನ ಕೈಯಿಂದ ಸಕ್ಕರೆ ಹಾಕಿಸಿಕೊಂಡಳು. ಅವ್ವ ಓಣಿಗೆ ಹೋದ ಮೇಲೆ ನನ್ನ ಕೈ ಹಿಡಿದಳು.

"ಆಕಿಗೆ ಹೇಳಬ್ಯಾಡ ತಮ್ಮಾ. ಏನೂ ಸಿಗಬಾರದಂತ ಬೇಡ್ಕೊಂಡಾಕಿ ಆಕಿ. ತಿಳೀತಂದ್ರ ಬದುಕಂಗಿಲ್ಲ."

ಆ ಮಳೆಗಾಲಕ್ಕೆ ಮೊದಲೇ ಅಕ್ಕ ಹೋದಳು. ಅವ್ವ ಇಂದಿಗೂ ಊಟಕ್ಕೆ ಕೂತಾಗ ಕೇಳುತ್ತಾಳೆ: "ಏನೂ ಸಿಗಲಿಲ್ಲ ಅಂದಿದ್ರಲ್ಲೋ, ಮತ್ತ ಹ್ಯಾಂಗ ಹೋದಳು?"

"ಉಣ್ಣವ್ವಾ," ಎನ್ನುತ್ತೇನೆ.