ಥರ್ಮಾಸಿನಲ್ಲಿ ಬಂದ ಕುದುರೆಮರಿ

ದನದ ಡಾಕ್ಟರರು ಥರ್ಮಾಸಿನ ಬರ್ಫದಲ್ಲಿಟ್ಟು ಬಾಗಲಕೋಟೆಯಿಂದ ತಂದಿದ್ದ ಕುದುರೆವೀರ್ಯದ ಗಾಜಿನ ಕೊಳವೆಯನ್ನು ಪಕ್ಕದ ಮನೆಯ ನೀಲಮ್ಮಜ್ಜಿ ಹೊರತೆಗೆದು, ಒಲೆಯ ಬಿಸಿಬೂದಿಯಲ್ಲಿ ಇಡಲು ಬಾಗಿದ್ದರು. ಅಜ್ಜಿಯ ಮನೆಯ ಟಾಂಗಾದ ಹೆಣ್ಣುಕುದುರೆಗೆ ವಯಸ್ಸಾಗುತ್ತಿತ್ತು. ನಮ್ಮೂರು ಗುಡೂರಿನ ಸುತ್ತ ಒಳ್ಳೆಯ ಗಂಡುಕುದುರೆ ಇರಲಿಲ್ಲ. ಮರಿಯ ಆಸೆಗೆ ಉಳಿದದ್ದು ಆ ಕೊಳವೆಯೊಂದೇ.

“ಇಡಬ್ಯಾಡ್ರಿ ಅಜ್ಜಿ! ಕಾದ್ರ ಕೆಡತದ!” ಎಂದು ನಾನು ಅವರ ಕೈ ಹಿಡಿದೆ.

“ಬಸಿರಾಗೋ ಹೊಟ್ಟಿಗೆ ಯಾರರ ಥಂಡಿ ಹಾಕ್ತಾರೇನ್ರಿ ಮಾಸ್ತರ? ನನ್ನ ಸೊಸಿಗೆ ತಣ್ಣೀರು ಸೈತ ಮುಟ್ಟಗೊಟ್ಟಿಲ್ಲ ನಾ!”

ಹಿತ್ತಲಲ್ಲಿ ಕುದುರೆ ಕಟ್ಟಿಸುತ್ತಿದ್ದ ಡಾಕ್ಟರರು ಓಡಿಬಂದು, ನಗುತ್ತಲೇ ಕೊಳವೆಯನ್ನು ಬರ್ಫಕ್ಕೆ ಸೇರಿಸಿದರು.

ಮರುವರ್ಷ ಕಂದು ಮರಿ ಹುಟ್ಟಿತು. ನೋಡಲು ಹೋದರೆ, ಬಿರುಬಿಸಿಲಿನಲ್ಲೂ ಅಜ್ಜಿ ಅದಕ್ಕೆ ಕೌದಿ ಹೊದಿಸಿದ್ದರು. ಈ ಸಲ ನಾನು ತಡೆಯಲಿಲ್ಲ.