ಮೊದಲು ನಿಧನ ಸುದ್ದಿ

ನಲವತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಚಳ್ಳಕೆರೆಯಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ್ತಿಯಾಗಿದ್ದವಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರ ಫೆಲೋಶಿಪ್ ಸಿಕ್ಕಿತ್ತು. ನನ್ನಂತೆ ಅರ್ಧ ಆಯಸ್ಸನ್ನು ಸುದ್ದಿಯಲ್ಲೇ ಸವೆಸಿದ ಪತ್ರಕರ್ತರು ನಾನಾ ದೇಶಗಳಿಂದ ಬಂದಿದ್ದರು. ಪರೀಕ್ಷೆಯಿಲ್ಲ, ವರ್ಷವಿಡೀ ಇಷ್ಟವಾದ ತರಗತಿಯಲ್ಲಿ ಕೂರಬಹುದು.

ಅವ್ವ ಮೊಳಕಾಲ್ಮೂರಿನಲ್ಲಿ, ಸೀರೆ ನೇಯುವ ಅಣ್ಣನ ಮನೆಯಲ್ಲಿದ್ದಳು. "ಊರೋರ ಸಾವೆಲ್ಲ ಬರ್ಯೋಳಿಗೆ ಇನ್ನೇನ್ ಕಲಿಸ್ತಾರಂತೆ?" ಎಂದು ನಕ್ಕೇ ಕಳಿಸಿದ್ದಳು.

ಅವ್ವನಿಗೆ ಓದು ಬರುತ್ತಿರಲಿಲ್ಲ. ನನಗೆ ಸಂಜೆಯಾದಾಗ ಅವಳಿಗೆ ಬೆಳಗು. ದಿನವೂ ಫೋನ್ ಮಾಡಿ, ಇ-ಪೇಪರಿನ ಜಿಲ್ಲಾ ಪುಟ ತೆರೆದು ಓದಿ ಹೇಳುತ್ತಿದ್ದೆ. ಅವಳು ರಾಟೆಗೆ ರೇಷ್ಮೆ ಎಳೆ ಸುತ್ತುತ್ತ ಕೇಳುತ್ತಿದ್ದಳು. ಮೊದಲು ನಿಧನ ಸುದ್ದಿಯೇ ಆಗಬೇಕು. "ಇವತ್ತು ಯಾರ್ ಹೋದ್ರೇ?" ಪರಿಚಯದವರಾದರೆ ಒಂದು ನಿಟ್ಟುಸಿರು, ಹಿಂದೆಯೇ ಅವರ ಮನೆಯ ಹಳೇ ಜಗಳದ ಕತೆ. ತನಗಿಂತ ಚಿಕ್ಕವರಾದರೆ ಸಿಟ್ಟು: "ನಂಗೆ ಊರು ಹೋಗು ಅಂತೈತೆ, ಕಾಡು ಬಾ ಅಂತೈತೆ. ಈ ಹುಡುಗ್ರಿಗೇನ್ ಅವಸರ?" ನಾನು ಬೈಯುತ್ತಿದ್ದೆ. ಆ ಪರದೇಶದಲ್ಲಿ ನನ್ನನ್ನು ಬದುಕಿಸಿದ್ದು ಆ ಹರಟೆಯೇ.

ಒಂದು ದಿನ ಅಣ್ಣ ಫೋನ್ ಎತ್ತಿ, ಅವ್ವನಿಗೆ ಜ್ವರ, ಮಲಗಿದ್ದಾಳೆ ಎಂದ. ಮರುದಿನ ಅವಳಿಗೆ ಓದಲೆಂದು ಪುಟ ತೆರೆದೆ. ನಿಧನ ಕಾಲಂನಲ್ಲಿ ಅವ್ವನ ಫೋಟೋ ಇತ್ತು. ಹೊರಡುವ ಮುನ್ನ ನಾನೇ ತೆಗೆದದ್ದು.

ನಮ್ಮಲ್ಲೊಂದು ಪದ್ಧತಿಯಿದೆ. ವರದಿಗಾರರ ಮನೆಯಲ್ಲಿ ಸಾವಾದರೆ ಯಾರೂ ಹೇಳಬೇಕಿಲ್ಲ, ಉಳಿದ ವರದಿಗಾರರೇ ಎಲ್ಲ ಪತ್ರಿಕೆಗಳಿಗೂ ಸುದ್ದಿ ಕಳಿಸುತ್ತಾರೆ. ಗೆಳೆಯರು ತಪ್ಪದೆ ಕಳಿಸಿದ್ದರು. ನಾನು ಎಷ್ಟೋ ಜನರಿಗೆ ಬರೆದ ಅದೇ ಸಾಲು: ಪುತ್ರ, ಪುತ್ರಿ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ. ಅಂತ್ಯಕ್ರಿಯೆಯೂ ಮುಗಿದಿತ್ತು.

ಮನೆಗೆ ಫೋನ್ ಮಾಡಿದೆ.

"ಅವ್ವ ಇನ್ನೂ ಮಲಗೈತಮ್ಮ," ಎಂದ ಅಣ್ಣ. ಹಿಂದೆ ಮನೆ ತುಂಬ ಜನರ ಮಾತು.

ನನ್ನ ಓದು ಮುಗಿಯುವ ತನಕ ನನಗೆ ತಿಳಿಸಬಾರದೆಂದು ಅವ್ವನೇ ಅಣ್ಣನಿಂದ ಮಾತು ತಗೊಂಡಿದ್ದಳಂತೆ. ಅದು ಆಮೇಲೆ ಗೊತ್ತಾಯಿತು. ನೆಂಟರಿಷ್ಟರ ಬಾಯಿಗೆಲ್ಲ ಬೀಗ ಹಾಕಿದ್ದ ಅಣ್ಣ, ತಂಗಿ ದಿನಾ ಪೇಪರ್ ಓದುತ್ತಾಳೆಂಬುದನ್ನೇ ಮರೆತಿದ್ದ. ಆಗಂತೂ ಅವನ ಮೇಲೆ ಕೆಂಡದಂಥ ಕೋಪ ಬಂತು. ಅವ್ವನಿಲ್ಲದ ಮೇಲೆ ನನಗೆ ಯಾವ ಓದು ಬೇಕಿತ್ತು?

"ಫೋನ್ ಅವ್ವನ ಕಿವಿ ಹತ್ರ ಇಡಣ್ಣ," ಎಂದೆ. "ಪೇಪರ್ ಓದ್ಬೇಕು."

ನಾನು ಊರಿನ ಹೆಸರಿನಿಂದ ಶುರುಮಾಡಿದೆ. ಅವ್ವನ ಹೆಸರು ಬಂದಾಗ ಅಣ್ಣ ಗೊಳೋ ಎಂದು ಅತ್ತ. "ಸಾಕು ನಿಲ್ಸಮ್ಮ, ಕೈ ಮುಗಿತೀನಿ."

ಅವ್ವನಿಗೆ ಯಾವ ಸುದ್ದಿಯನ್ನೂ ನಾನು ಅರ್ಧಕ್ಕೆ ನಿಲ್ಲಿಸಿದವಳಲ್ಲ. ಕೊನೆಯ ಸಾಲಿನವರೆಗೂ ಓದಿದೆ.